ಬುಟ್ಟಿಗಟ್ಟಲೆ ಕಾಯಿಪಲ್ಲೆ ಬಂದಾಗ ಮುಗಿಸುವ ಬಗೆ

ಭಾದ್ರಪದ ಬಂತೆಂದರೆ ಕಲಬುರಗಿಯಲ್ಲಿ ಹಿತ್ತಲಿರುವ ಮನೆಗಳಲ್ಲೆಲ್ಲ ಒಂದೇ ತಲೆನೋವು. ಬಿತ್ತುವಾಗ ಇದ್ದ ಹುಮ್ಮಸ್ಸು ತಿನ್ನುವಾಗ ಇರುವುದಿಲ್ಲ. ಹೀರೇಕಾಯಿ ಬಳ್ಳಿ ಕಾಂಪೌಂಡ್ ದಾಟಿ ಪಕ್ಕದವರ ಸಿಂಟೆಕ್ಸ್ ಹತ್ತಿರುತ್ತದೆ. ಚವಳಿಕಾಯಿ (ಗೋರಿಕಾಯಿ) ಗೊಂಚಲು ಗೊಂಚಲಾಗಿ ಬಿಟ್ಟಿರುತ್ತದೆ. ಪುಂಡಿ ಸೊಪ್ಪು ಸೊಂಟದೆತ್ತರ ನಿಂತಿರುತ್ತದೆ. ಮಾರೋಣ ಎಂದರೆ ಕಣ್ಣಿ ಮಾರ್ಕೆಟ್‌ನಲ್ಲೂ ಆಗ ಅದೇ ಕಾಯಿಪಲ್ಲೆ ಗುಡ್ಡೆ ಬಿದ್ದಿರುತ್ತದೆ, ಆಟೋ ಬಾಡಿಗೆ ಸಹ ಹುಟ್ಟುವುದಿಲ್ಲ.

ನಮ್ಮಲ್ಲಿ ಬೆಳೆಯುವುದು ಮನೆಯವರ ಕೆಲಸ, ಮುಗಿಸುವುದು ನನ್ನ ಕೆಲಸ. ಪಕ್ಕದ ಖಾಲಿ ಸೈಟು ಕೇಳಿ ಪಡೆದು ಅವರು ಬಿತ್ತುತ್ತಾರೆ. ಒಂದು ಬಳ್ಳಿ ಸಾಕು ಎಂದರೆ ನಾಲ್ಕು ಹಾಕುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಹಬ್ಬದ ಸೀಸನ್ನೂ ಕಾಯಿಪಲ್ಲೆ ಸುಗ್ಗಿಯೂ ಒಟ್ಟಿಗೇ ಬರುವುದರಿಂದ ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಪುರುಸೊತ್ತಿಲ್ಲ. ಹಾಗಾಗಿ ಯಾವ ಅಡುಗೆ ಮಾಡಬೇಕೆಂದರೂ ನಾನು ಮೊದಲು ಕೇಳುವುದು ಒಂದೇ: ಇದು ಎಷ್ಟು ಕಿಲೋ ನುಂಗುತ್ತದೆ? ಹೊಸ ರುಚಿ ಬೇಕೆಂದು ಮೊಬೈಲ್ ಹಿಡಿದು ಕುಳಿತರೆ ಪಾವು ಕಿಲೋ ಖರ್ಚಾಗುತ್ತದೆ, ಮೂರು ಕಿಲೋ ಬಾಡುತ್ತದೆ. ಹೊಟ್ಟೆ ದೊಡ್ಡದಿರುವ ಅಡುಗೆಗಳು ನಮ್ಮ ಕಡೆ ಬೇಕಾದಷ್ಟಿವೆ. ಎಲ್ಲ ಹಳೆಯವೇ.

ಕೊಯ್ಯುವಾಗಲೇ ಮೂರು ಪಾಲು ಮಾಡಿ

ಕಾಯಿ ಜಾಸ್ತಿ ಆಯಿತೆಂದು ಬಳ್ಳಿಯಲ್ಲೇ ಬಿಡಬೇಡಿ. ಬಲಿತ ಕಾಯಿ ಹೊತ್ತ ಬಳ್ಳಿ ಹೊಸ ಹೂವು ಕಡಿಮೆ ಮಾಡುತ್ತದೆ, ಬೀಜದ ಕಡೆಗೆ ಗಮನ ಹಾಕುತ್ತದೆ. ಬೆಂಡೆ, ಹೀರೆ, ಸವತಿಕಾಯಿ ಮಳೆಗಾಲದಲ್ಲಿ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಬೆಂಡೆಕಾಯಿಯ ತುದಿ ಹಿಡಿದು ಬಗ್ಗಿಸಿ. ಟಕ್ಕನೆ ಮುರಿದರೆ ಎಳೆಯದು. ಬಾಗಿ ನಾರು ಎದ್ದರೆ ಬೀಜಕ್ಕೆ ಬಿಡಿ, ಪಲ್ಯಕ್ಕೆ ಬೇಡ.

ಕೊಯ್ದ ಮೇಲೆ ಕಟ್ಟೆಯ ಮೇಲೇ ಮೂರು ಪಾಲು ಮಾಡಿ. ಎಳೆಯದು ಇಂದಿನ ಅಡುಗೆಗೆ ಮತ್ತು ಮಂದಿಗೆ ಕೊಡಲಿಕ್ಕೆ. ಬಲಿತದ್ದು ಬೇಳೆಯ ಜೊತೆ, ಸುಡಲಿಕ್ಕೆ, ಚಟ್ನಿಗೆ. ಪೂರ್ತಿ ಮುದಿಯಾದದ್ದು ಬೀಜಕ್ಕೆ ಇಲ್ಲವೇ ಗೊಬ್ಬರದ ಗುಂಡಿಗೆ. ಈ ಪಾಲು ಮಾಡದೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಫ್ರಿಜ್‌ಗೆ ತುರುಕಿದರೆ ನಾಲ್ಕನೇ ದಿನ ಎಲ್ಲವೂ ಗೊಬ್ಬರದ ಗುಂಡಿಗೇ.

ಫ್ರಿಜ್ ವಿಷಯ ಬಂತಲ್ಲ, ಒಂದು ಮಾತು. ಬದನೆಕಾಯಿ, ಟಮಾಟಿ, ಬೆಂಡೆಕಾಯಿಗೆ ಜಾಸ್ತಿ ಥಂಡಿ ಆಗಿಬರುವುದಿಲ್ಲ. ಫ್ರಿಜ್‌ನಲ್ಲಿಟ್ಟ ಬದನೆಯನ್ನು ಹೆಚ್ಚಿ ನೋಡಿದರೆ ಒಳಗೆ ಬೀಜದ ಸುತ್ತ ಕಂದು ಬಣ್ಣ ತಿರುಗಿರುತ್ತದೆ, ಟಮಾಟಿಯ ಘಮ ಹೋಗಿರುತ್ತದೆ. ಇವನ್ನು ನೆರಳಲ್ಲಿ, ಗಾಳಿ ಆಡುವ ಬುಟ್ಟಿಯಲ್ಲಿ ಹರಡಿ. ತೊಪ್ಪಲು (ಸೊಪ್ಪು) ಮಾತ್ರ ಫ್ರಿಜ್‌ಗೆ ಹೋಗಲಿ. ತೊಳೆಯದೆ, ಬೇರು ಕತ್ತರಿಸಿ, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ತೊಳೆದು ಇಟ್ಟರೆ ಕೊಳೆಯುತ್ತದೆ.

ಕಹಿ ನೋಡದೆ ಒಲೆಗೆ ಏರಿಸಬೇಡಿ

ಇದನ್ನು ಮಾತ್ರ ತಮಾಷೆ ಎಂದು ತಿಳಿಯಬೇಡಿ. ಸೋರೆಕಾಯಿ, ಹೀರೇಕಾಯಿ, ಸವತಿಕಾಯಿ ಒಂದೊಂದು ಸಲ ವಿಪರೀತ ಕಹಿ ಇರುತ್ತವೆ. ನೀರಿಲ್ಲದೆ ಬಿಸಿಲಿಗೆ ಬಳಲಿದ ಬಳ್ಳಿಯಲ್ಲಿ ಇದು ಜಾಸ್ತಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು. ವಾಂತಿ, ಭೇದಿ, ಹೊಟ್ಟೆಯೊಳಗೆ ರಕ್ತಸ್ರಾವದವರೆಗೂ ಹೋಗಬಹುದು. ಬೇಯಿಸಿದರೂ ಹೋಗುವುದಿಲ್ಲ, ಉಪ್ಪು ಹಾಕಿ ಹಿಂಡಿದರೂ ಹೋಗುವುದಿಲ್ಲ. ಹೆಚ್ಚುವ ಮುಂಚೆ ಪ್ರತಿ ಕಾಯಿಯಿಂದ ಉಗುರಿನಷ್ಟು ತುಂಡು ನಾಲಿಗೆಗೆ ಹಚ್ಚಿ ನೋಡಿ, ಉಗುಳಿಬಿಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಕಷ್ಟಪಟ್ಟು ಬೆಳೆದದ್ದು ಅಲ್ವಾ ಎಂದು ಮನೆಯವರು ಮುಖ ಸಣ್ಣ ಮಾಡಿದರೂ ಬಿಸಾಡಿ. ಸೋರೆಕಾಯಿ ಜ್ಯೂಸ್ ಕುಡಿಯುವವರು ಇನ್ನೂ ಹುಷಾರಾಗಿರಬೇಕು. ಹಾಗಲಕಾಯಿಯ ಕಹಿ ಬೇರೆ, ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಹೀರೆ ಮತ್ತು ಸೋರೆ

ಹೀರೇಕಾಯಿ ಒಳ್ಳೆಯ ಪ್ರಾಣಿ. ಬಹುಪಾಲು ನೀರೇ ಇರುವುದರಿಂದ ಒಂದು ಕಿಲೋ ಹೆಚ್ಚಿ ಬಾಣಲೆಗೆ ಹಾಕಿದರೆ ತುಂಬಿ ತುಳುಕುತ್ತದೆ, ಕಾಲು ಗಂಟೆ ಕಳೆದರೆ ತಳದಲ್ಲಿ ಕುಳಿತಿರುತ್ತದೆ. ಕುಸುಬಿ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹಾಕಿ. ನೆನೆಸಿದ ಕಡಲೆಬೇಳೆ ಅರ್ಧ ಬಟ್ಟಲು, ಆಮೇಲೆ ಹೀರೇಕಾಯಿ. ನೀರು ಹಾಕಬೇಡಿ, ಉಪ್ಪು ಕೊನೆಗೆ ಹಾಕಿ. ಮೊದಲೇ ಉಪ್ಪು ಹಾಕುವಾಗ ಬಾಣಲೆ ತುಂಬ ಕಾಣುತ್ತದೆ, ತಗ್ಗಿದ ಮೇಲೆ ಉಪ್ಪೇ ಉಪ್ಪು. ಇಳಿಸುವಾಗ ಎರಡು ಚಮಚ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಉದುರಿಸಿ.

ಸಿಪ್ಪೆ ಎಸೆಯಬೇಡಿ. ಏಣುಗಳನ್ನು ಹೆರೆದಾಗ ಬಂದ ಸಿಪ್ಪೆಯನ್ನು ಎಣ್ಣೆಯಲ್ಲಿ ಗರಿಗರಿ ಹುರಿಯಿರಿ. ಹುರಿದ ಎಳ್ಳು, ಒಣ ಮೆಣಸಿನಕಾಯಿ, ಹುಣಸೆಹಣ್ಣು, ಚೂರು ಬೆಲ್ಲ ಸೇರಿಸಿ ತರಿತರಿ ರುಬ್ಬಿ. ಬಿಸಿ ರೊಟ್ಟಿಗೆ ಇದಕ್ಕಿಂತ ಬೇರೆ ಬೇಕೇ?

ಸೋರೆಕಾಯಿಗೆ ನನ್ನ ಉತ್ತರ ದಾಲ್ಚಾ. ಇದನ್ನು ಕಲಿಸಿದವರು ಎದುರು ಮನೆಯ ಭಾಭಿ. ಅವರ ಮನೆಯಲ್ಲಿ ಮಟನ್ ಬೀಳುತ್ತದೆ, ನಮ್ಮಲ್ಲಿ ಬರೀ ಸೋರೆಕಾಯಿ. ಒಂದು ಬಟ್ಟಲು ತೊಗರಿಬೇಳೆ, ಅರ್ಧ ಬಟ್ಟಲು ಕಡಲೆಬೇಳೆ ಅರಿಶಿನ ಹಾಕಿ ಮೆತ್ತಗೆ ಬೇಯಿಸಿ ಮಸೆಯಿರಿ. ಬೇಳೆ ನಮ್ಮ ಜಿಲ್ಲೆಯದೇ ಇರಲಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಸಿಕ್ಕಿದ್ದು ಸುಮ್ನೆ ಅಲ್ಲ. ಉಳ್ಳಾಗಡ್ಡಿಯನ್ನು ಕೆಂಪಗೆ ಹುರಿದು, ಶುಂಠಿ-ಬಳ್ಳೊಳ್ಳಿ, ಖಾರಪುಡಿ, ಧನಿಯಾ ಪುಡಿ, ಎರಡು ಟಮಾಟಿ. ಆಮೇಲೆ ಒಂದು ಕಿಲೋ ಸೋರೆಕಾಯಿಯ ದಪ್ಪ ಹೋಳು. ಸಣ್ಣಗೆ ಹೆಚ್ಚಿದರೆ ಕರಗಿಹೋಗುತ್ತದೆ, ಹೆಬ್ಬೆರಳಿನಷ್ಟು ಉದ್ದವಿರಲಿ. ಹೋಳು ಅರ್ಧ ಬೆಂದಾಗ ಬೇಳೆ, ಹುಣಸೆ ರಸ. ಹುಳಿ ಕೊನೆಗೇ ಹಾಕಿ, ಮೊದಲೇ ಬಿದ್ದರೆ ಹೋಳು ಬೇಯುವುದಿಲ್ಲ. ಮೇಲೆ ಪುದೀನ, ಕೊತ್ತಂಬರಿ. ಅನ್ನಕ್ಕೂ ಆಗುತ್ತದೆ, ಬಗಾರ ಖಾನಾಕ್ಕೂ ಆಗುತ್ತದೆ. ಮರುದಿನ ಇನ್ನೂ ರುಚಿ.

ಪುಂಡಿ

ಪುಂಡಿಗೆ ಒಂದು ಉದ್ದದ ಜಾಗ ಕೊಡಬೇಕು, ಏಕೆಂದರೆ ನಮ್ಮ ಕಡೆಯ ಅಡುಗೆಗಳಲ್ಲಿ ಇದರಷ್ಟು ತೊಪ್ಪಲು ನುಂಗುವುದು ಕಡಿಮೆ. ತುದಿ ಚಿವುಟಿದಷ್ಟೂ ಗಿಡ ಕವಲೊಡೆಯುತ್ತದೆ. ಕತ್ತರಿ ಬೇಡ, ಎಲೆಯನ್ನು ದೇಟಿನಿಂದ ಕೈಯಲ್ಲೇ ಬಿಡಿಸಿ. ದೇಟು ಸೇರಿದರೆ ನಾರು ಬಾಯಿಗೆ ಸಿಗುತ್ತದೆ. ಬಿಡಿಸುವ ಕೆಲಸ ಮನೆಗೆ ಬಂದವರಿಗೆ ಹಚ್ಚಿ. ಬ್ಲೌಸ್ ಟ್ರಯಲ್‌ಗೆ ಬಂದು ಕಾಯುತ್ತ ಕುಳಿತವರು ನಮ್ಮಲ್ಲಿ ಪುಂಡಿ ಬಿಡಿಸಿಕೊಟ್ಟೇ ಹೋಗುತ್ತಾರೆ.

ಪಾತ್ರೆ ಸ್ಟೀಲಿನದು ಇಲ್ಲವೇ ಮಣ್ಣಿನದು ಇರಲಿ. ಪುಂಡಿ ಭಾರಿ ಹುಳಿ. ಅಲ್ಯುಮಿನಿಯಂ ಪಾತ್ರೆಯಲ್ಲಿ, ಕಲಾಯಿ ಹೋದ ಹಿತ್ತಾಳೆಯಲ್ಲಿ ಬೇಯಿಸಿದರೆ ಆ ಹುಳಿ ಲೋಹವನ್ನು ತಿನ್ನುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಕಪ್ಪಗಾಗಿ ಒಂಥರಾ ರುಚಿ ಬರುತ್ತದೆ.

ಎಲೆ ತೊಳೆದು, ಸ್ವಲ್ಪ ನೀರಿನಲ್ಲಿ ಕುದಿಸಿ. ಹಸಿರು ಹೋಗಿ ಸೇನಾ ಬಟ್ಟೆಯ ಬಣ್ಣ ಬಂದಾಗ ಇಳಿಸಿ. ತುಂಬ ಹುಳಿ ಆಗದವರು ಆ ನೀರು ಬಸಿದುಬಿಡಿ, ನಾನು ಅರ್ಧ ಬಸಿಯುತ್ತೇನೆ. ಅರ್ಧ ಕಿಲೋ ಬಿಡಿಸಿದ ಎಲೆಗೆ ಒಂದು ಹಿಡಿ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಒಂದು ಹಿಡಿ ಹಸಿ ಶೇಂಗಾ ಕಾಳು. ಇವನ್ನು ಬೇರೆಯೇ ಬೇಯಿಸಿಕೊಳ್ಳಿ, ಹುಳಿಯಲ್ಲಿ ಬೇಳೆ ಬೇಯಲು ಹಟ ಮಾಡುತ್ತದೆ. ಎಲ್ಲ ಕೂಡಿಸಿ, ಹಸಿಮೆಣಸಿನಕಾಯಿ ಜಜ್ಜಿದ್ದು, ಉಪ್ಪು ಹಾಕಿ ಕಡಗೋಲಿನಿಂದ ಮಸೆಯಿರಿ. ಮಿಕ್ಸಿಗೆ ಹಾಕಬೇಡಿ, ಅಂಟಾಗುತ್ತದೆ. ನುಚ್ಚು ಅಲ್ಲಲ್ಲಿ ಹಲ್ಲಿಗೆ ಸಿಗಬೇಕು. ಕೊನೆಗೆ ಒಗ್ಗರಣೆ. ಇಲ್ಲಿ ಕೈ ಹಿಡಿದರೆ ಪುಂಡಿ ಪಲ್ಯ ಆಗುವುದಿಲ್ಲ: ಒಂದಿಡೀ ಗಡ್ಡೆ ಬಳ್ಳೊಳ್ಳಿ, ಸಿಪ್ಪೆ ಸಹಿತ ಜಜ್ಜಿ, ಕಾದ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಬಿಡಿ. ಬಳ್ಳೊಳ್ಳಿ ಬಿಳಿ ಇರುವಾಗಲೇ ಸುರಿದರೆ ಹಸಿ ವಾಸನೆ, ಕಪ್ಪಾದರೆ ಕಹಿ. ಆ ನಡುವಿನ ಬಣ್ಣಕ್ಕೆ ಕಣ್ಣಿಟ್ಟು ನಿಲ್ಲಿ, ಆಗ ಫೋನ್ ಎತ್ತಬೇಡಿ.

ಉಳಿದ ಎಲೆಗೆ ಖಾರ ಮಾಡಿ. ತೊಳೆದ ಎಲೆಯನ್ನು ಬಟ್ಟೆಯ ಮೇಲೆ ಹರಡಿ ನೀರಿನ ಪಸೆ ಪೂರ್ತಿ ಆರಿಸಿ. ಧಾರಾಳ ಎಣ್ಣೆಯಲ್ಲಿ ಮುದ್ದೆಯಾಗುವವರೆಗೆ ಹುರಿದು, ಹುರಿದ ಮೆಂತ್ಯ-ಸಾಸಿವೆ ಪುಡಿ, ಖಾರಪುಡಿ, ಉಪ್ಪು ಕಲಸಿ ಬಾಟಲಿಗೆ ತುಂಬಿ. ಫ್ರಿಜ್‌ನಲ್ಲಿಟ್ಟು ಒಣ ಚಮಚದಿಂದಲೇ ತೆಗೆಯಿರಿ.

ಬದನೆ, ಚವಳಿ, ಬೆಂಡೆ

ಬದನೆಯಲ್ಲಿ ಪುಟ್ಟದೆಲ್ಲ ಎಣ್ಣೆಗಾಯಿಗೆ. ಅದನ್ನು ಹೇಳಿಕೊಡುವಷ್ಟು ಧೈರ್ಯ ನನಗಿಲ್ಲ, ನಿಮ್ಮ ಮನೆಯಲ್ಲೂ ಒಬ್ಬ ಅತ್ತೆ ಇರುತ್ತಾರೆ. ಒಂದೇ ಮಾತು: ಹೂರಣಕ್ಕೆ ಶೇಂಗಾ, ಎಳ್ಳಿನ ಜೊತೆ ಗುರೆಳ್ಳು ಪುಡಿಯೂ ಬೀಳಲಿ. ಹೆಚ್ಚಿದ ಬದನೆಯನ್ನು ಉಪ್ಪುನೀರಿನಲ್ಲಿ ಬಿಟ್ಟರೆ ಕಪ್ಪಾಗುವುದಿಲ್ಲ. ದೊಡ್ಡದಾಗಿ ಉಬ್ಬಿದ ಬದನೆಗಳಿಗೆ ಎಣ್ಣೆ ಸವರಿ, ಚಾಕುವಿನಿಂದ ಎರಡು ಕಡೆ ಚುಚ್ಚಿ, ಗ್ಯಾಸ್ ಮೇಲೇ ಸುಡಿ. ಚುಚ್ಚದಿದ್ದರೆ ಸಿಡಿಯುತ್ತದೆ. ಸಿಪ್ಪೆ ಸುಲಿದು, ಹಸಿ ಉಳ್ಳಾಗಡ್ಡಿ, ಸುಟ್ಟ ಮೆಣಸಿನಕಾಯಿ, ಮೊಸರು ಸೇರಿಸಿ ಕಲಸಿದರೆ ಕಿಲೋ ಬದನೆ ಒಂದು ಬೋಗುಣಿಗೆ ಇಳಿಯುತ್ತದೆ. ಒಳಗೆ ಹುಳ ಇದೆಯೇ ಎಂದು ಸುಡುವ ಮುಂಚೆ ಸೀಳಿ ನೋಡಿ. ಮನೆಯ ಬದನೆಗೆ ಔಷಧ ಹೊಡೆದಿರುವುದಿಲ್ಲ, ಹುಳಕ್ಕೂ ಅದು ಗೊತ್ತು.

ಚವಳಿಕಾಯಿಯನ್ನು ಮೊದಲು ಉಪ್ಪುನೀರಿನಲ್ಲಿ ಕುದಿಸಿ ಬಸಿಯಿರಿ, ಒಗರು ಹೋಗುತ್ತದೆ. ಆಮೇಲೆ ಬೆಲ್ಲ, ಶೇಂಗಾ ಹಿಂಡಿ, ಖಾರಪುಡಿ. ಬೆಂಡೆಯ ಬಗ್ಗೆ ಹೇಳುವುದು ಕಡಿಮೆ. ತೊಳೆದು ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಹೆಚ್ಚಿ, ಅಗಲ ಬಾಣಲೆಯಲ್ಲಿ ಮುಚ್ಚದೆ ಹುರಿಯಿರಿ. ಲೋಳೆ ಬರದು.

ಟಮಾಟಿ

ಹಣ್ಣಾಗಿ ಒಡೆದವು ಒಂದು ಕಡೆ, ಮಳೆಗೆ ಗಿಡ ಬಿದ್ದು ಹಸಿರಾಗಿಯೇ ಉದುರಿದವು ಒಂದು ಕಡೆ. ಹಣ್ಣನ್ನು ಹೋಳು ಮಾಡಿ, ಉಪ್ಪು ಬಿಟ್ಟು ಬೇರೇನೂ ಹಾಕದೆ, ಅಗಲ ಪಾತ್ರೆಯಲ್ಲಿ ನೀರು ಇಂಗುವವರೆಗೆ ಕುದಿಸಿ. ಎರಡು ಕಿಲೋ ಹಣ್ಣು ದೊಡ್ಡ ಡಬ್ಬಿಯೊಂದಕ್ಕೆ ಸರಿಯಾಗುತ್ತದೆ. ಆರಿದ ಮೇಲೆ ಐಸ್ ಟ್ರೇಯಲ್ಲಿ ತುಂಬಿ ಫ್ರೀಜರ್‌ಗೆ ಇಟ್ಟರೆ ಸಾರಿಗೆ ಎರಡು ಗಟ್ಟಿ, ದಾಲ್ಚಾಕ್ಕೆ ನಾಲ್ಕು ಗಟ್ಟಿ ಹಾಕಿಕೊಳ್ಳಬಹುದು. ಕರೆಂಟು ಪದೇಪದೇ ಹೋಗುವ ಬಡಾವಣೆಯವರು ಇದನ್ನು ನಂಬಿ ಕೂರಬೇಡಿ. ಒಂದು ಸಲ ಕರಗಿ ನೀರಾದದ್ದನ್ನು ಮತ್ತೆ ಗಟ್ಟಿ ಮಾಡದೆ ಅವತ್ತೇ ಬಳಸಿ.

ಹಸಿರು ಟಮಾಟಿ ಕಾಯಿಗೆ ಚಟ್ನಿಯೇ ಗತಿ. ಎಣ್ಣೆಯಲ್ಲಿ ಹಸಿಮೆಣಸಿನಕಾಯಿ ಜೊತೆ ಬಾಡಿಸಿ, ಹುರಿದ ಶೇಂಗಾ, ಬಳ್ಳೊಳ್ಳಿ, ಜೀರಿಗೆ, ಬೆಲ್ಲದೊಂದಿಗೆ ತರಿಯಾಗಿ ತಿರುವಿ.

ಮೆಣಸಿನಕಾಯಿ

ಗಿಡದಲ್ಲೇ ಕೆಂಪಾದ ಹಸಿ ಮೆಣಸಿನಕಾಯಿಗೆ ರಂಜಕ. ಅರ್ಧ ಕಿಲೋ ಹಣ್ಣಿಗೆ 75 ಗ್ರಾಂ ಉಪ್ಪು, ಎರಡು ಗಡ್ಡೆ ಬಳ್ಳೊಳ್ಳಿ, ಹುರಿದ ಮೆಂತ್ಯ ಒಂದು ಚಮಚ, ಆರು ಲಿಂಬೆಯ ರಸ. ತೊಳೆದು, ತೊಟ್ಟು ಇದ್ದಂತೆಯೇ ಒರೆಸಿ ಆರಿಸಿ, ಆಮೇಲೆ ತೊಟ್ಟು ತೆಗೆಯಿರಿ. ತೊಟ್ಟು ತೆಗೆದು ತೊಳೆದರೆ ನೀರು ಒಳಗೆ ಹೊಕ್ಕು ಬೂಸು ಹಿಡಿಯುತ್ತದೆ. ನುಣ್ಣಗೆ ರುಬ್ಬಬೇಡಿ. ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ, ಬಡಿಸುವಾಗ ಮೇಲೆ ಕಾದು ಆರಿದ ಎಣ್ಣೆ ಹಾಕಿ. ರುಬ್ಬಿದ ಕೈ ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ಹೊಲಿಯುವವರಿಗೆ ಇನ್ನೊಂದು ಕಷ್ಟ: ಬೆರಳಿನ ಖಾರ ಬಿಳಿ ಬಟ್ಟೆಗೂ ಹತ್ತುತ್ತದೆ.

ದಪ್ಪ, ಖಾರ ಕಡಿಮೆ ಇರುವ ಹಸಿರು ಕಾಯಿ ಬಾಳಕಕ್ಕೆ, ಅಂದರೆ ಮಜ್ಜಿಗೆ ಮೆಣಸಿನಕಾಯಿಗೆ. ಕಿಲೋ ಕಾಯಿಯನ್ನು ಉದ್ದ ಸೀಳಿ, ತುದಿ ಬೇರ್ಪಡದಂತೆ, ಒಂದು ಲೀಟರ್ ಹುಳಿ ಮಜ್ಜಿಗೆಗೆ 100 ಗ್ರಾಂ ಉಪ್ಪು, ಜೀರಿಗೆ ಪುಡಿ ಕಲಸಿ ರಾತ್ರಿ ನೆನೆಸಿ. ಬೆಳಿಗ್ಗೆ ಕಾಯಿ ತೆಗೆದು ಬಿಸಿಲಿಗೆ ಹಾಕಿ. ಸಂಜೆ ಮತ್ತೆ ಅದೇ ಮಜ್ಜಿಗೆಗೆ ಹಾಕಿ, ಹಗಲು ಆ ಮಜ್ಜಿಗೆ ಫ್ರಿಜ್‌ನಲ್ಲಿರಲಿ. ಕಾಯಿ ಮಜ್ಜಿಗೆಯನ್ನೆಲ್ಲ ಹೀರಿ ಮುಗಿಸುವವರೆಗೆ ಹೀಗೇ. ಆಮೇಲೆ ಅಲುಗಿಸಿದರೆ ಗಲಗಲ ಎನ್ನುವಷ್ಟು ಒಣಗಿಸಿ.

ಒಣಗಿಸುವುದು ಯಾವಾಗ

ಬಿಸಿಲಿಗೆ ಕಲಬುರಗಿಯಲ್ಲಿ ಬರವಿಲ್ಲ, ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಕಾಯಿ ಸುಗ್ಗಿ ಬರುವುದು ಮಳೆಯಲ್ಲಿ. ಭಾದ್ರಪದದಲ್ಲಿ ಮಾಳಿಗೆ ಮೇಲೆ ಹಾಕಿದರೆ ಮಧ್ಯಾಹ್ನ ಒಣಗಿದ್ದು ಸಂಜೆ ಮಳೆಗೆ ತೊಯ್ದು ಬೂಸು ಬರುತ್ತದೆ. ಮಳೆ ಇರುವಷ್ಟು ದಿನ ಒಣಗಿಸುವ ಆಸೆ ಬಿಟ್ಟು ಬೇಳೆಯ ಜೊತೆ ಬೇಯಿಸಿ ಮುಗಿಸಿ. ದಸರಾ ದಾಟಿ ಆಕಾಶ ತೊಳೆದಂತಾದ ಮೇಲೆ ಚವಳಿಕಾಯಿ, ಬದನೆ, ಹಾಗಲಕಾಯಿ ಒಣಗಿಸಲು ಕುಳಿತುಕೊಳ್ಳಿ.

ಚವಳಿಕಾಯಿಯನ್ನು ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಬಸಿದು ಹರಡಿ. ಬದನೆ, ಹಾಗಲವನ್ನು ಬಿಲ್ಲೆ ಮಾಡಿ ಉಪ್ಪು, ಅರಿಶಿನ ಸವರಿ. ಕೆಳಗೆ ಹಾಸಲು ಹಳೆಯ ಬಿಳಿ ಧೋತರ ಇರಲಿ. ನನ್ನ ಹತ್ತಿರ ಲೈನಿಂಗ್ ಬಟ್ಟೆಯ ತುಂಡುಗಳ ರಾಶಿಯೇ ಇದೆ, ಆದರೂ ಬಣ್ಣದ ಲೈನಿಂಗ್ ಹಾಸುವುದಿಲ್ಲ. ಒದ್ದೆ ಕಾಯಿಗೆ ಕೆಂಪು, ನೀಲಿ ಹತ್ತುತ್ತದೆ. ಬಿಳಿಯದನ್ನೂ ಗಂಜಿ ಹೋಗುವವರೆಗೆ ಎರಡು ಸಲ ತೊಳೆದೇ ಬಳಸಬೇಕು. ಮೇಲೆ ತೆಳು ಮಲ್ ಬಟ್ಟೆ ಮುಚ್ಚಿ, ನಾಲ್ಕು ಮೂಲೆಗೆ ಕಲ್ಲಿಡಿ. ಸಂಜೆ ಇಬ್ಬನಿ ಬೀಳುವ ಮುಂಚೆ ಒಳಗೆ ತನ್ನಿ. ತುಂಡು ಬಾಗಿದರೆ ಇನ್ನೊಂದು ಬಿಸಿಲು ಬೇಕು, ಲಟಕ್ಕನೆ ಮುರಿದರೆ ಡಬ್ಬಿಗೆ. ಬೇಸಿಗೆಯಲ್ಲಿ ಇದನ್ನು ಎಣ್ಣೆಯಲ್ಲಿ ಕರಿದು ಖಾರ ಉದುರಿಸಿದರೆ ಮಜ್ಜಿಗೆ ಅನ್ನಕ್ಕೆ ಬೇರೆ ಪಲ್ಯ ಬೇಕಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಟ್ಟೆ ಭಜ್ಜಿಯದು

ಚಳಿಗಾಲದ ಸುಗ್ಗಿಗೆ ಹಿರಿಯರೇ ದಾರಿ ಮಾಡಿಟ್ಟಿದ್ದಾರೆ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ (ಭೂಮಿತಾಯಿಗೆ ಎಡೆ) ಚೆಲ್ಲಿ ಉಣ್ಣುತ್ತಾರಲ್ಲ, ಆ ಭಜ್ಜಿ. ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲ, ತೊಪ್ಪಲು, ಕಾಳು ಕೂಡಿಸಿ ಬೇಯಿಸುವ ಪಲ್ಯ. ಕಲಬುರಗಿ, ಬೀದರ್ ಕಡೆ ಇದಿಲ್ಲದೆ ಆ ಹಬ್ಬವೇ ಇಲ್ಲ. ಕೆಲವರು ವರ್ಷಕ್ಕೊಂದೇ ಸಲ ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹಿತ್ತಲು ತುಂಬಿದಾಗಲೆಲ್ಲ ಮಾಡಬೇಕಾದ ಅಡುಗೆ ಇದು.

ಮೆಂತ್ಯ ತೊಪ್ಪಲು, ಪಾಲಕ್, ಉಳ್ಳಾಗಡ್ಡಿ ತೊಪ್ಪಲು ಕೂಡಿ ಒಂದು ಕಿಲೋ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ ಸುಲಿದ ಕಾಳು ಕೂಡಿ ಅರ್ಧ ಕಿಲೋ. ಗಜ್ಜರಿ, ಬದನೆ, ಉಳಿದುಬಿದ್ದ ಯಾವುದೇ ಕಾಯಿ ಇನ್ನೊಂದು ಅರ್ಧ ಕಿಲೋ. ಒಂದು ಹಿಡಿ ಶೇಂಗಾ. ಹಾಗಲಕಾಯಿ ಮಾತ್ರ ಬೇಡ, ಎಲ್ಲವನ್ನೂ ಕಹಿ ಮಾಡುತ್ತದೆ. ಕಾಳು ಮೊದಲು, ಗಜ್ಜರಿ ಆಮೇಲೆ, ಬದನೆ ಅದರ ಮೇಲೆ, ತೊಪ್ಪಲು ಕೊನೆಗೆ. ಕಾಳು ಬೆರಳಲ್ಲಿ ಹಿಸುಕಿದರೆ ಒಡೆಯುವಂತಾದಾಗ ಹುಣಸೆ ರಸ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ರುಬ್ಬಿದ್ದು ಸೇರಿಸಿ. ನಾಲ್ಕು ಚಮಚ ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ ಸುರಿಯುತ್ತ, ಒಂದೇ ಸಮನೆ ತಿರುವಿ. ಹಿಟ್ಟು ಬಿದ್ದ ಮೇಲೆ ಹತ್ತು ನಿಮಿಷ ಸಣ್ಣ ಉರಿ ಬೇಕೇ ಬೇಕು, ಇಲ್ಲದಿದ್ದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ತಳ ಹಿಡಿಯುವ ಸಮಯವೂ ಅದೇ. ಮೇಲೆ ಬಳ್ಳೊಳ್ಳಿ ಒಗ್ಗರಣೆ. ಸಜ್ಜೆ ರೊಟ್ಟಿ ಇದ್ದರೆ ಚೆಂದ, ಜೋಳದ ರೊಟ್ಟಿಗೂ ಅಡ್ಡಿಯಿಲ್ಲ. ಆರಿದ ಮೇಲೆ ಗಟ್ಟಿಯಾಗುವುದರಿಂದ ಮರುದಿನ ಬಿಸಿನೀರು ಕೂಡಿಸಿ ಕುದಿಸಿ.

ಇಷ್ಟಾದರೂ ಉಳಿದರೆ

ಕೊಟ್ಟುಬಿಡಿ. ಹೊಲಿದ ಬ್ಲೌಸ್ ಕವರಿನ ಜೊತೆ ನಮ್ಮಲ್ಲಿ ಒಂದು ಕೈಚೀಲವೂ ಹೋಗುತ್ತದೆ. ಕೊಡುವಾಗ ಎಳೆಯದನ್ನು ಕೊಡಿ, ಬಲಿತದ್ದನ್ನು ನೀವು ಇಟ್ಟುಕೊಳ್ಳಿ. ಒಬ್ಬರಿಗೆ ಮೂರು ಕಿಲೋ ಕೊಟ್ಟರೆ ನಿಮ್ಮ ತಲೆನೋವು ಅವರ ಮನೆಗೆ ಹೋಯಿತು ಅಷ್ಟೇ, ಒಂದು ಹೊತ್ತಿನ ಪಲ್ಯಕ್ಕೆ ಆಗುವಷ್ಟು ಸಾಕು. ಮಠದ ದಾಸೋಹಕ್ಕೆ ಕೊಡುವುದಾದರೆ ಹಿಂದಿನ ದಿನವೇ ಕೇಳಿಕೊಂಡು, ಬೆಳಿಗ್ಗೆ ಬೇಗ ಮುಟ್ಟಿಸಿ. ಒಲೆ ಹೊತ್ತಿ ಸಾರು ಏರಿದ ಮೇಲೆ ಹೋದರೆ ಅವರಿಗೂ ತೊಂದರೆ. ನಾಲ್ಕು ಬಗೆ ಅರ್ಧರ್ಧ ಕಿಲೋ ಒಯ್ಯುವ ಬದಲು ಒಂದೇ ಬಗೆಯ ಕಾಯಿ ಐದಾರು ಕಿಲೋ ಕೂಡಿಸಿ ಒಯ್ಯಿರಿ, ಅವರ ಹಂಡೆಗೆ ಅದೇ ಅನುಕೂಲ.